ಬಾಡಿಗೆ ಬಾರದ ಮನೆ

ರಘೋತ್ತಮಾಚಾರ್ಯರು ಆ ಬೇಸಿಗೆಯಲ್ಲಿ ಮಾಡಿದ ಒಂದೇ ತಪ್ಪೆಂದರೆ, ಸೋರುವ ಮಣ್ಣಿನ ಮಾಳಿಗೆ ಕೆಡವಿ ಮನೆಗೆ ಮಂಗಳೂರು ಹಂಚು ಹೊದಿಸಿದ್ದು. ಬೈಲಹೊಂಗಲದ ಆ ಓಣಿಯಲ್ಲಿ ಹೊಸ ಹಂಚು, ಪಂಕ್ತಿಯ ನಡುವೆ ಕುಂಕುಮ ಚೆಲ್ಲಿಸಿಕೊಂಡ ಬೋಳುತಲೆಯಂತೆ ದೂರದಿಂದಲೇ ಕಾಣುತ್ತಿತ್ತು.

ಬೆಳಿಗ್ಗೆ ನೆರೆಮನೆಯ ಮಹಾಂತಪ್ಪ ಓಡಿಬಂದ. "ಆಚಾರ್ರ, ಹೊಸಾ ಪಟ್ಟಿ ಸಾಹೇಬ ಬಂದಾನ್ರಿ! ಇವತ್ತ ನಮ್ಮ ಓಣಿ. ಮನಿ ಬಾಡಿಗಿಗೆ ಕೊಟ್ಟರ ಎಷ್ಟ ಬರತೈತಿ ಅನ್ನೂದರ ಮ್ಯಾಲ ಮನಿಪಟ್ಟಿ ಹಾಕತಾನ."

"ನಾ ಬಾಡಿಗಿಗೆ ಕೊಟ್ಟೇ ಇಲ್ಲಲ್ಲೋ! ನಾವಽ ಇರತೇವಿ."

"ಕೊಟ್ಟರ ಅಂದೇನ್ರಿ, ಕೊಟ್ಟೀರಿ ಅಂದಿಲ್ಲ." ಮಹಾಂತಪ್ಪ ಮೂಗು ಹಿಸುಕಿಕೊಂಡು ಸಾಹೇಬನ ದನಿ ತೆಗೆದ: "'ಹಂಚು ಹೊಸಾವು... ಹ್ಞೂಂ... ಬರಕೋರಿ ತಿಂಗಳಿಗೆ ಇಪ್ಪತ್ತು ರೂಪಾಯಿ!'"

ಸ್ವರಾಜ್ಯ ಬಂದು ಐದಾರು ವರ್ಷವಾದರೂ, ಅರಳೆ ಅಂಗಡಿಯ ಗುಮಾಸ್ತರಾದ ಆಚಾರ್ಯರಿಗೆ ಖಾಕಿ ಕೋಟು ಕಂಡರೆ ಕೈ ಮುಗಿಯುವುದು ತಪ್ಪಿರಲಿಲ್ಲ. ಈಗ ಕೋಟು ಕಾಣುವ ಮೊದಲೇ ಕೈ ಮುಗಿದರು. ಮನೆಗೆ ಅಂಥ ಪಟ್ಟಿ ಬಿದ್ದರೆ ತಲೆಗೂ ಪಟ್ಟಿ ಕಟ್ಟಿಕೊಳ್ಳಬೇಕಾದೀತು! ಆ ಕಂದಾಯ ತುಂಬದಿದ್ದರೆ ಜಪ್ತಿ. ಅಜ್ಜ ಕಟ್ಟಿಸಿದ ಮನೆ ಹೋಯಿತೆಂದೇ ಲೆಕ್ಕ.

"ಒಂದ ಉಪಾಯ ಐತ್ರಿ," ಎಂದ ಮಹಾಂತಪ್ಪ. "ದೆವ್ವ ಐತಿ ಅನ್ರಿ. ದೆವ್ವದ ಮನಿಗೆ ಬಾಡಿಗಿ ಯಾರ ಕೊಡತಾರ?"

"ಯಾರ ದೆವ್ವೋ?"

"ನಿಮ್ಮ ಅಜ್ಜನ್ನಽ ಹಚ್ರಿ. ಮನೀಯವರಾದ್ರ ಖರ್ಚಿಲ್ಲ."

ಎದುರುಮನೆಯ ರಾಚವ್ವ ಕೊಡ ಹೊತ್ತು ನಿಂತು ಎಲ್ಲ ಕೇಳಿದ್ದಳು. "ಅಯ್ಯ, ಸುಳ್ಳ ಯಾಕ ಹೇಳತೀರ್ಯೋ? ಹಿತ್ತಲ ಬಾವೀಕಟ್ಟಿ ಮ್ಯಾಲ ಬಿಳೀ ಸೀರ್ಯಾಕಿ ಕುಂಡ್ರೂದು ನಾನಽ ಕಂಡೇನಿ. ಆಚಾರ್ರು ಅಂಜತಾರಂತ ಹೇಳಿರಲಿಲ್ಲ, ಅಷ್ಟಽ."

ಆಚಾರ್ಯರಿಗೆ ಬೀದಿಯಿಂದ ಸಾಹೇಬನ ಭಯ, ಹಿತ್ತಲಿಂದ ಬಿಳಿ ಸೀರೆಯ ಭಯ. ಅಡಕತ್ತರಿಯ ನಡುವಿನ ಅಡಿಕೆಯಂತಾದರು. ಅಂದು ಸ್ನಾನಕ್ಕೆ ಬಾವಿಯ ಕಡೆ ಹೋಗಲಿಲ್ಲ. ಸಂಧ್ಯಾವಂದನೆಯನ್ನು ಹೊಸ್ತಿಲ ಮೇಲೆ, ಒಂದು ಕಾಲು ಬೀದಿಯಲ್ಲಿಟ್ಟು ಮುಗಿಸಿದರು.

ಮಧ್ಯಾಹ್ನ ಸಾಹೇಬರು ಬಂದರು. ಬೆತ್ತದಿಂದ ಗೋಡೆಯನ್ನು ಕುಟ್ಟಿದಾಗಲೆಲ್ಲ ಪೆಟ್ಟು ಆಚಾರ್ಯರ ಎದೆಗೇ ಬೀಳುತ್ತಿತ್ತು. ನೆರೆಯವರ ಎದುರಿನಲ್ಲಿ ಮನೆಯ ಯಜಮಾನನ ಬಾಯಿಂದಲೇ ಬಾಡಿಗೆ ಹೇಳಿಸಿ ಸಹಿ ಹಾಕಿಸುವುದು ಈ ಸಾಹೇಬರ ಪದ್ಧತಿ.

"ಹೇಳ್ರಿ, ಎಷ್ಟು ಬಂದೀತು?"

ಅಷ್ಟರಲ್ಲಿ ಹಿತ್ತಲಲ್ಲಿ ಧಡಕ್ಕನೆ ಏನೋ ಬಿತ್ತು. ಬೆಕ್ಕು ಉರುಳಿಸಿದ ಬಕೀಟು. ಆಚಾರ್ಯರು ಚೀರಿ ಸಾಹೇಬರನ್ನೇ ತಬ್ಬಿಕೊಂಡರು.

"ದೆವ್ವ ಅದರೀ ಸಾಹೇಬ್ರ! ಬಿಳೀ ಸೀರಿ! ಎರಡು ರೂಪಾಯಿಗೂ ಯಾರೂ ಬರಂಗಿಲ್ಲ! ಈ ಅಮಾಸಿಯೊಳಗ ನಾವಽ ಖಾಲಿ ಮಾಡವರು!"

"ಖರೇನ?" ಎಂದು ಸಾಹೇಬರು ನೆರೆಯವರತ್ತ ತಿರುಗಿದರು.

"ಯಲ್ಲಮ್ಮನಾಣಿಗೂ ಖರೇರಿ," ಎಂದಳು ರಾಚವ್ವ.

ಎರಡು ರೂಪಾಯಿಗೆ ಸಹಿ ಬಿತ್ತು. ಮಹಾಂತಪ್ಪ ಕಣ್ಣು ಹೊಡೆದ. ಆಚಾರ್ಯರಿಗೆ ಬೆಳಗಿನಿಂದ ಮೊದಲ ಸಲ ಪೂರಾ ಉಸಿರು ಬಂತು.

ಸಾಹೇಬರು ಪೆನ್ನು ಮುಚ್ಚಿ, ಟೊಪ್ಪಿಗೆ ತೆಗೆದು, ಬೆವರೊರೆಸಿಕೊಂಡರು. ಒಮ್ಮೆಲೆ ಬಡಪಾಯಿಯಂತೆ ಕಂಡರು. "ಆಚಾರ್ರ, ಬಂದಾಗಿಂದ ಧರ್ಮಶಾಲಾದಾಗ ಬಿದ್ದೇನ್ರಿ. ಹೆಂಡತಿ, ಐದು ಮಕ್ಕಳು, ನಮ್ಮ ಅತ್ತಿಯವರು. ಪಟ್ಟಿ ಹಾಕಾಂವಗ ಮನಿ ಯಾರು ಕೊಡತಾರ? ದೇವರು ನಿಮ್ಮ ಬಾಯಿಲೇ ನುಡಿದಾ." ಕಿಸೆಯಿಂದ ಎರಡು ರೂಪಾಯಿ ತೆಗೆದು ಆಚಾರ್ಯರ ಅಂಗೈಯಲ್ಲಿಟ್ಟರು. "ಅಮಾಸಿ ಮರುದಿನ ಬರತೇವಿ."

"ದೆ... ದೆವ್ವ...?"

"ನಮ್ಮ ಅತ್ತಿಯವರು ಬರತಾರಲ್ರಿ. ಅದರ ಪಾಡು ಅದು ನೋಡಕೋತದ."

ಸುಳ್ಳೆನ್ನಲು ಆಚಾರ್ಯರು ಬಾಯಿ ತೆರೆದರು. ಸಹಿ ನೆನಪಾಗಿ ಮುಚ್ಚಿದರು.

ಮಹಾಂತಪ್ಪ ಅವರ ಹೆಗಲ ಮೇಲೆ ಕೈಯಿಟ್ಟ. "ಅಂಜಬ್ಯಾಡ್ರಿ. ನಮ್ಮ ಹಿಂದಿನ ಖೋಲಿ ಖಾಲಿ ಐತಿ. ನಿಮಗಂತ ಬರೇ ಎಂಟು ರೂಪಾಯಿ."

ಸಾಹೇಬರು ಮುಚ್ಚಿದ ಪೆನ್ನನ್ನು ಮತ್ತೆ ತೆರೆದರು. "ಒಂದು ಖೋಲಿಗೆ ಎಂಟು ಅಂದ್ರೇನು? ನಡೀರಿ, ನಿಮ್ಮ ಮನಿ ನೋಡೂಣು."

ಮಹಾಂತಪ್ಪನ ಮುಖ ಒಂದು ಕ್ಷಣ ಸಪ್ಪಗಾಯಿತು. ಮರುಕ್ಷಣ ಆಚಾರ್ಯರ ಕಿವಿಯಲ್ಲಿ ಹೇಳಿದ:

"ಹನ್ನೆರಡು ಆತ್ರಿ ಆಚಾರ್ರ. ನಮ್ಮಲ್ಲಿ ಮನಿಪಟ್ಟಿ ಬಾಡಿಗಿಯವರಽ ತುಂಬೂದು."