ಹಲ್ಲಿಗೊಂದು ಕುಂಕುಮ

ಕಾರಿನ ಟೈಮಿಂಗ್ ಚೈನನ್ನು ತಾವೇ ಬದಲಾಯಿಸುವುದಾಗಿ ಮಡಂತ್ಯಾರಿನ ಲೋಕನಾಥ ಶೆಟ್ಟರು ಘೋಷಿಸಿದಾಗ, ಹೆಂಡತಿ ಕಾಂತಿಯಕ್ಕ ದೋಸೆ ಮಗುಚುವುದನ್ನು ನಿಲ್ಲಿಸಲಿಲ್ಲ. ಶೆಟ್ಟರೇನು ಸಾಮಾನ್ಯರೇ? ಹದಿನೆಂಟು ವರ್ಷ ಕುವೈತಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತವರು. ಸಾವಿರಾರು ಚೈನುಗಳನ್ನು ಪ್ಯಾಕೆಟಿನಲ್ಲಿ ಕಂಡಿದ್ದರು. ಪ್ಯಾಕೆಟಿನ ಹೊರಗೆ ಕಾಣುವುದಷ್ಟೇ ಬಾಕಿ ಇತ್ತು.

ಅವರ ಇಪ್ಪತ್ತೆರಡು ವರ್ಷದ ಕಾರು, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಡಬ್ಬದಲ್ಲಿ ಗೋಟಡಿಕೆ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಮಾಡುತ್ತಿತ್ತು. ಗ್ಯಾರೇಜಿನ ಮಮ್ಮು ಕಿವಿಗೊಟ್ಟು ಕೇಳಿ, ಒಳಗಿನ ಚೈನು ಸವೆದು ಸಡಿಲವಾಗಿದೆ ಎಂದಿದ್ದ. ಆಯುಧ ಪೂಜೆಯ ಮರುದಿನ ಸಂಜೆಯೊಳಗೆ ಕಾರು ಓಡದಿದ್ದರೆ ಮೂಡಬಿದಿರೆಯ ಗುಜರಿ ವ್ಯಾಪಾರಿ ಅಬ್ದುಲ್ ವಹಾಬನಿಗೆ ಕೊಟ್ಟುಬಿಡುವುದೆಂದು ಕಾಂತಿಯಕ್ಕ ಗಡುವು ಹಾಕಿದರು. ಊರಿಗೆ ಮರಳಿದ ಮೇಲೆ ಶೆಟ್ಟರ ಮಾತನ್ನು ಎದುರಾಡದೆ ಕೇಳುತ್ತಿದ್ದುದು ಆ ಕಾರೊಂದೇ.

"ಬಿಚ್ಚುವ ಮೊದಲು ಒಂದು ಫೋಟೋ ತೆಗೆದಿಡಿ ಲೋಕನಾಥಣ್ಣ," ಎಂದು ಮಮ್ಮು ಎಚ್ಚರಿಸಿದ. "ಚೈನು ಸುತ್ತುವ ಹಲ್ಲಿನ ಚಕ್ರ ಎರಡುಂಟು, ಮೇಲಿನದ್ದು, ಕೆಳಗಿನದ್ದು ಮೊದಲಿದ್ದ ಹಾಗೇ ಕೂತುಕೊಳ್ಳಬೇಕು. ಒಂದು ಹಲ್ಲು ತಪ್ಪಿದರೂ ಎಂಜಿನ್ ಹೋಯಿತು."

"ಫೋಟೋ ಬೇಕಾಗುವುದು ಮಂಡೆ ಇಲ್ಲದವರಿಗೆ ಮಾರಾಯ," ಎಂದರು ಶೆಟ್ಟರು.

ಎರಡು ದಿನ ಕಾರಿನ ಮೂತಿಯೊಳಗೆ ತಲೆ ತೂರಿಸಿ, ಕೊನೆಗೂ ಚೈನಿನ ಮುಚ್ಚಳ ತೆಗೆದರು. ಚಕ್ರಗಳ ಮೇಲಿದ್ದ ಕಂಪೆನಿಯವರ ಗುರುತು ಸವೆದು ಮಾಯವಾಗಿತ್ತು. ಗುರುತು ಹಾಕಲು ಬಣ್ಣ ಸಿಗಲಿಲ್ಲ. ದೇವರ ಕೋಣೆಯ ಕುಂಕುಮಕ್ಕೆ ಎಣ್ಣೆ ಕಲಸಿ, ಎರಡೂ ಚಕ್ರಗಳಿಗೆ ಒಂದೊಂದು ಬೊಟ್ಟು ಇಟ್ಟರು. ತಮ್ಮ ಬುದ್ಧಿಗೆ ತಾವೇ ತಲೆದೂಗಿದರು. ಮರುದಿನ ಬೆಳಿಗ್ಗೆ ಚಕ್ರಗಳನ್ನು ಕಳಚಿ ಚಾವಡಿಯಲ್ಲಿ ಪೇಪರಿನ ಮೇಲಿಟ್ಟು, ಹೊಸ ಚೈನು ತರಲು ಬಂಟ್ವಾಳದ ಬಸ್ಸು ಹತ್ತಿದರು.

ಅಂದೇ ಆಯುಧ ಪೂಜೆ ಎಂಬುದು ಅವರ ಘನವಾದ ಮಂಡೆಯಲ್ಲಿರಲಿಲ್ಲ.

ಮಧ್ಯಾಹ್ನ ಬಂದು ನೋಡಿದರೆ ಚಕ್ರಗಳು ಪಳಪಳ ಹೊಳೆಯುತ್ತಿದ್ದವು. ಮೇಲೆ ದಾಸವಾಳ. ಮೇಲಿನ ಚಕ್ರದ್ದು ಮೂವತ್ತಾರು, ಕೆಳಗಿನದ್ದು ಹದಿನೆಂಟು, ಒಟ್ಟು ಐವತ್ತನಾಲ್ಕು ಹಲ್ಲುಗಳಿಗೂ ಅಚ್ಚುಕಟ್ಟಾದ ಕುಂಕುಮ.

"ನೀವು ಒಂದೊಂದೇ ಬೊಟ್ಟು ಇಟ್ಟು ಹೋಗಿದ್ದಿರಿ," ಎಂದರು ಕಾಂತಿಯಕ್ಕ. "ಪೂಜೆ ಅರ್ಧಕ್ಕೆ ಬಿಡಬಾರದಲ್ವಾ? ಚೆಂದ ತೊಳೆದು ಎಲ್ಲದಕ್ಕೂ ಇಟ್ಟೆ."

ಶೆಟ್ಟರು ತಾವಿಟ್ಟ ಬೊಟ್ಟು ಯಾವುದೆಂದು ಒಂದೊಂದೇ ಹಲ್ಲು ತಿರುಗಿಸಿ ಹುಡುಕಿದರು. ಬೈಯುವ ಹಾಗೂ ಇಲ್ಲ, ಪೂಜೆಯ ವಿಷಯ. ಮರುದಿನ ಬೆಳಗಾಗುತ್ತಲೇ ಮಾನ ಬದಿಗಿಟ್ಟು ಮಮ್ಮುವನ್ನು ಕರೆಸಿದರು. ಮಮ್ಮು ಶೃಂಗಾರಗೊಂಡ ಚಕ್ರಗಳನ್ನು ನೋಡಿ, ನಗು ತಡೆಯಲು ಕೆಮ್ಮಿದ.

"ಫೋಟೋ ಉಂಟಾ?"

ಶೆಟ್ಟರು ಮಾಡಿನ ಹಂಚು ಎಣಿಸತೊಡಗಿದರು. ಆಗ ಕಾಂತಿಯಕ್ಕ ಸೆರಗಿಗೆ ಕೈ ಒರೆಸಿಕೊಂಡು ತಮ್ಮ ಮೊಬೈಲು ತಂದರು. ಚಕ್ರ ಕಳಚುವ ಹಿಂದಿನ ಸಂಜೆಯ ಫೋಟೋ! ತೆರೆದ ಎಂಜಿನ್, ಎರಡು ಚಕ್ರ, ಎರಡೇ ಬೊಟ್ಟು, ಎಲ್ಲ ಸ್ಪಷ್ಟ. ಪಕ್ಕದಲ್ಲಿ ಮೂಗಿಗೆ ಗ್ರೀಸು ಮೆತ್ತಿಕೊಂಡು ಕುಕ್ಕರಗಾಲಲ್ಲಿ ಕೂತ ಶೆಟ್ಟರು. ಮಮ್ಮು ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿಕೊಂಡು, ಚಕ್ರಗಳನ್ನು ಹಾಗೆಯೇ ಕೂರಿಸಿ ಹೊಸ ಚೈನು ತೊಡಿಸಿದ. ಸಂಜೆ ನಾಲ್ಕಕ್ಕೆ ಕಾರು ಸದ್ದಿಲ್ಲದೆ ಸ್ಟಾರ್ಟ್ ಆಯಿತು.

ಶೆಟ್ಟರ ಕಣ್ಣು ತುಂಬಿತು. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಯನ್ನು ಬಾಯಿಬಿಟ್ಟು ಹೊಗಳಿದರು.

"ನನ್ನ ಕೆಲಸದ ಮೇಲಿನ ಅಭಿಮಾನಕ್ಕೆ ಈ ಫೋಟೋ ತೆಗೆದದ್ದಲ್ವಾ?"

"ಅಲ್ಲ, ಗುಜರಿಯ ವಹಾಬರಿಗೆ ಕಳಿಸ್ಲಿಕ್ಕೆ," ಎಂದ ಕಾಂತಿಯಕ್ಕ ಉತ್ತರವನ್ನೂ ತೋರಿಸಿದರು.

ವಹಾಬ ಬರೆದಿದ್ದ: "ಕಾರು ಕೊಂಡುಹೋಗ್ತೇನೆ ಅಕ್ಕ. ಪಕ್ಕದಲ್ಲಿ ಕೂತ ಹಳೆಯದ್ದು ನಮಗೆ ಬೇಡ, ನೀವೇ ಇಟ್ಟುಕೊಳ್ಳಿ."