ಗರಡಿ ಮುಂದಿನ ಬೆಂಚು ಮತ್ತು ಒಂದು ಕ್ಯಾಸೆಟ್

ಮನಃಶಾಸ್ತ್ರ ಓದುತ್ತಿದ್ದೇನೆ ಎಂದು ಒಮ್ಮೆ ಬಾಯಿ ಬಿಟ್ಟವರಿಗೆ ಇಂಥ ಪೇಚುಗಳು ತಪ್ಪಿದ್ದಲ್ಲ. ನಾನಂತೂ ಎರಡು ವರ್ಷ ಅದನ್ನೇ ಹೇಳಿಕೊಂಡು ತಿರುಗಿದವಳು.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಎಂ.ಎ. ಎರಡನೇ ವರ್ಷದಲ್ಲಿದ್ದೆ. ಆಪ್ತಸಮಾಲೋಚನೆಯ ತರಬೇತಿಗೆ ಯಾರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ನಮ್ಮ ಮೇಡಂ ಚೀಟಿ ಎತ್ತಿಸಿ ನಿರ್ಧರಿಸಿದರು. ಗೆಳತಿಯರಿಗೆ ಶಾಲೆ, ಆಸ್ಪತ್ರೆ ಬಂದವು. ನನಗೆ ಕ್ರೀಡೆ ಬಂತು. ಚೌಕಾಬಾರ ಬಿಟ್ಟು ಬೇರೆ ಯಾವ ಆಟವನ್ನೂ ಆಡಿದವಳಲ್ಲ ನಾನು.

ಒಬ್ಬ ಕ್ರೀಡಾಪಟುವಿನ ಜೊತೆ ಎಂಟು ಭೇಟಿ, ಒಂದು ತಂಡದ ಸಮೀಕ್ಷೆ, ಕೊನೆಗೆ ನಲವತ್ತು ನಿಮಿಷದ ಸಮಾಲೋಚನೆಯ ಕ್ಯಾಸೆಟ್ ಒಂದು. ಇದರಲ್ಲಿ ಒಂದು ಕಡಿಮೆಯಾದರೂ ಪರೀಕ್ಷೆಗೆ ಕೂರಿಸುವುದಿಲ್ಲ, ಇನ್ನೊಂದು ವರ್ಷ ಓದಬೇಕು ಎಂದು ಮೇಡಂ ಮೊದಲ ದಿನವೇ ಹೇಳಿಬಿಟ್ಟರು. ನಮ್ಮ ಮನೆಯಲ್ಲಿ ಇನ್ನೊಂದು ವರ್ಷ ಎಂಬ ಮಾತನ್ನು ಎತ್ತುವ ಹಾಗೇ ಇರಲಿಲ್ಲ.

ಒಪ್ಪಿಗೆ ಪತ್ರ

ನನ್ನ ಪಾಲಿಗೆ ಬಂದವನು ಆನೆಕೊಂಡದ ಒಬ್ಬ ಪೈಲ್ವಾನ. ಗರಡಿಯಲ್ಲಿ ಎಂಥವರನ್ನೂ ಎತ್ತಿ ಹಾಕುವವನು, ಜನ ಸೇರಿದ ಅಖಾಡಕ್ಕೆ ಇಳಿದರೆ ಮಾತ್ರ ಸೋಲುತ್ತಿದ್ದ. ಸಮಾಲೋಚನೆ ಶುರುಮಾಡುವ ಮೊದಲು ಅವನ ಒಪ್ಪಿಗೆ ಬೇಕು. ಒಂದು ಹಾಳೆ, ಕೆಳಗೆ ಒಂದು ಸಹಿ, ಅಷ್ಟೆ. ಅವನು ಅದನ್ನು ಓದಿ, ಮಡಚಿ, ಜೇಬಿಗಿಟ್ಟುಕೊಂಡು, "ಮನ್ಯಾಗ ತೋರಿಸ್ಕಂಡು ಬರ್ತೀನ್ರಿ" ಅಂದ.

ವಾರದ ಮೇಲೆ ಹಾಳೆ ತಂದುಕೊಟ್ಟ. ಅವನ ಸಹಿಯ ಕೆಳಗೆ ಅಪ್ಪನ ಸಹಿ, ಇಬ್ಬರು ಅಣ್ಣಂದಿರ ಸಹಿ, ಅಜ್ಜಿಯ ಹೆಬ್ಬೆಟ್ಟು. ಹಿಂದುಗಡೆ ಶಾಮನೂರಿನ ಸೋದರಮಾವ ತಮ್ಮ ಕೈಯಾರೆ ಬರೆದಿದ್ದರು: 'ಸದರಿಯವನ ಮನಸ್ಸನ್ನು ನೋಡುವುದಕ್ಕೆ ನಮ್ಮ ವಂಶಸ್ಥರ ಯಾರದೂ ತಂಟೆ ತಕರಾರು ಇರುವುದಿಲ್ಲ.' ಅದಕ್ಕೆ ಇಬ್ಬರು ಸಾಕ್ಷಿಗಳು ಬೇರೆ.

"ನಿಮ್ಮದೊಂದೇ ಸಹಿ ಸಾಕಾಗಿತ್ತಲ್ಲ?" ಅಂದೆ.

"ನಮ್ದು ಕೂಡು ಕುಟುಂಬ ರೀ. ಯಾವುದೂ ಇನ್ನೂ ಪಾಲಾಗಿಲ್ಲ" ಅಂದ.

ಮೇಡಂ ಆ ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿ, "ನಾಲ್ಕು ದಿಕ್ಕಿನ ಚೆಕ್ಕುಬಂದಿ ಒಂದು ಬರೆದಿದ್ರೆ ನೋಂದಣಿನೇ ಮಾಡಿಸಬಹುದಿತ್ತು" ಅಂದರು.

ಗೌಪ್ಯತೆ

ಗರಡಿಯೊಳಗೆ ಹೆಂಗಸರು ಹೋಗುವಂತಿಲ್ಲ. ಇದು ನನಗೂ ಗೊತ್ತಿತ್ತು, ಮೇಡಂಗೂ ಗೊತ್ತಿತ್ತು, ಚೀಟಿಗೆ ಮಾತ್ರ ಗೊತ್ತಿರಲಿಲ್ಲ. ಗರಡಿಯ ಉಸ್ತಾದರು ಅರವತ್ತು ದಾಟಿದವರು. ಬಿಳಿ ಮೀಸೆ, ಮಾತು ಕಡಿಮೆ. ಅವರೇ ಹೊರಗೆ ಬೇವಿನ ಮರದ ಕೆಳಗೆ ಒಂದು ಬೆಂಚು ಹಾಕಿಸಿದರು. ಎದುರಿಗೆ ಚಹಾದಂಗಡಿ, ಪಕ್ಕದಲ್ಲಿ ಸಿಟಿ ಬಸ್ ನಿಲ್ಲುವ ಜಾಗ.

"ಅಖಾಡಕ್ಕೆ ಇಳಿಯುವಾಗ ಮನಸ್ಸಿನಲ್ಲಿ ಏನು ಬರುತ್ತೆ?" ಎಂದು ಪೈಲ್ವಾನನನ್ನು ಕೇಳಿದೆ. ಅವನು ನೆಲ ನೋಡಿದ. ಎದುರಿಗಿದ್ದವರು ಸುಮ್ಮನಾದರೆ ನಾವೂ ಸುಮ್ಮನೆ ಕಾಯಬೇಕು ಎಂದು ಪಾಠದಲ್ಲಿತ್ತು. ಕಾದೆ.

"ಜನಾ ನೋಡಿ ಹೆದರ್ಕಂತಾನ್ರಿ ಅವ್ನು" ಎಂದು ಚಹಾದಂಗಡಿಯವರು ಅಲ್ಲಿಂದಲೇ ಉತ್ತರಿಸಿದರು.

"ಹೆದರಿಕೆ ಅಲ್ಲ ಬಿಡ್ರಿ, ಎಡಗಾಲು ಮುಂದಿಡ್ತಾನೆ" ಎಂದರು ಬಸ್ಸಿಗೆ ಕಾಯುತ್ತಿದ್ದ ಒಬ್ಬರು.

"ಮೊನ್ನೆ ಹೆಣ್ಣು ನೋಡಾಕೆ ಹೋಗಿ ಬಂದಾಗಿಂದ ಹಿಂಗಾಗ್ಯಾನೆ" ಎಂದರು ಇನ್ನೊಬ್ಬರು. ಪೈಲ್ವಾನನ ಕಿವಿ ಕೆಂಪಾಯಿತು. ನಾಲ್ಕು ವಾರ ಕಷ್ಟಪಟ್ಟು ತಿಳಿಯಬೇಕಾದ್ದು ನಾಲ್ಕು ನಿಮಿಷದಲ್ಲಿ ಹೊರಗೆ ಬಂದಿತ್ತು. ಆದರೂ ನನಗೆ ಸಿಟ್ಟು ಬಂತು. ಎದ್ದು ನಿಂತು, ಇಲ್ಲಿ ಆಡುವ ಮಾತು ನಮ್ಮಿಬ್ಬರ ನಡುವೆಯೇ ಉಳಿಯಬೇಕು, ಇದು ನಮ್ಮ ವೃತ್ತಿಯ ಮೊದಲ ನಿಯಮ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ನೀವೇನು ಚಿಂತೆ ಮಾಡಬ್ಯಾಡ್ರಿ ಮೇಡಂ. ಇಲ್ಲಿಂದ ಒಂದು ಮಾತು ಆಚೆ ಹೋಗಲ್ಲ" ಎಂದರು ಚಹಾದಂಗಡಿಯವರು. ಅಲ್ಲಿದ್ದ ಹದಿನಾಲ್ಕು ಜನರೂ ಹೌದೆಂದು ತಲೆಯಾಡಿಸಿದರು.

ಹರಿಹರದ ಒಗ್ಗಟ್ಟು

ತಂಡದ ಸಮೀಕ್ಷೆಗೆ ಹರಿಹರದ ಒಂದು ಕಬಡ್ಡಿ ತಂಡ ಸಿಕ್ಕಿತು. ಮೂವತ್ತು ಪ್ರಶ್ನೆ ಕನ್ನಡಕ್ಕೆ ಇಳಿಸಿ, ಸ್ಟೆನ್ಸಿಲ್ ಕತ್ತರಿಸಿ, ಹನ್ನೆರಡು ಪ್ರತಿ ತೆಗೆಸಿಕೊಂಡು ಬಸ್ ಹತ್ತಿದೆ. ಆಟಗಾರರು ಹೊಳೆ ದಂಡೆಯ ಮೈದಾನದಲ್ಲಿ ಗುಂಪಾಗಿ ಕೂತು ಹತ್ತೇ ನಿಮಿಷದಲ್ಲಿ ತುಂಬಿಕೊಟ್ಟರು. ಇಷ್ಟು ವಿಧೇಯ ತಂಡ ಯಾರಿಗೂ ಸಿಕ್ಕಿರಲಾರದು ಎಂದು ಬಸ್ಸಿನಲ್ಲಿ ಬೀಗುತ್ತಾ ಬಂದೆ.

ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ಕೂತು ಹಾಳೆ ಬಿಡಿಸಿದೆ. ಹನ್ನೆರಡು ಜನಕ್ಕೂ ಪಂದ್ಯದ ಮೊದಲು ಹೆದರಿಕೆ 'ಎಂದೂ ಇಲ್ಲ'. ಹನ್ನೆರಡು ಜನಕ್ಕೂ ಇಪ್ಪತ್ತೊಂಬತ್ತು ವರ್ಷ. ಹನ್ನೆರಡು ಜನಕ್ಕೂ ಎಡ ಮಂಡಿ ನೋವು, ಎರಡು ಹೆಣ್ಣುಮಕ್ಕಳು. ಅವರಲ್ಲಿ ಐದಾರು ಜನಕ್ಕೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ.

ಮತ್ತೆ ಹರಿಹರಕ್ಕೆ ಓಡಿದೆ. ಕೋಚ್ ಸಮಾಧಾನವಾಗಿ, "ಕ್ಯಾಪ್ಟನ್ ಬರೆದದ್ದನ್ನ ಎಲ್ಲರೂ ಬರೆದಾರೆ ರೀ. ಒಬ್ಬೊಬ್ಬ ಒಂದೊಂದು ಬರೆದ್ರೆ ಅದಕ್ಕೆ ಟೀಮು ಅಂತ ಯಾಕ ಅನ್ಬೇಕು?" ಅಂದರು. ನಾನು ಬಿಡಲಿಲ್ಲ. ಪ್ರತಿಯೊಬ್ಬರನ್ನೂ ದೂರ ದೂರ ಕೂರಿಸಿ, ನಡುವೆ ಓಡಾಡುತ್ತಾ ಕಾವಲು ಕಾದು, ಇನ್ನೊಮ್ಮೆ ಬರೆಸಿದೆ. ಹೆದರಿಕೆ ಎಂದೂ ಇಲ್ಲದ ಕ್ಯಾಪ್ಟನ್ ಬೆವರು ಒರೆಸಿಕೊಳ್ಳುತ್ತಾ ಹಾಳೆ ಕೊಟ್ಟು, "ಇದ್ರಾಗೆ ಫೇಲಾದ್ರೂ ಭಾನುವಾರ ಆಡಬಹುದೇನ್ರಿ?" ಎಂದು ಕೇಳಿದ.

ಕ್ಯಾಸೆಟ್

ಉಳಿದದ್ದು ಕ್ಯಾಸೆಟ್ ಒಂದೇ. ಒಪ್ಪಿಸಲು ಎರಡು ದಿನವಿತ್ತು. ಚಿಕ್ಕಮ್ಮನ ಮನೆಯ ಟೇಪ್ ರೆಕಾರ್ಡರ್ ಹೊತ್ತುಕೊಂಡು ಬೆಂಚಿಗೆ ಬಂದೆ. ಪೈಲ್ವಾನ ಅದನ್ನು ನೋಡಿದವನೇ ಹಿಂದೆ ಸರಿದ. "ಇದು ಆ ಕಡೆ ಗರಡಿಯೋರ ಕೈಗೆ ಸಿಕ್ರೆ ನನ್ ಕಥೆ ಮುಗೀತು ರೀ" ಎಂದವನು ಒಳಗೆ ಹೋಗಿಬಿಟ್ಟ.

ನನ್ನ ಮುಖ ನೋಡಲಾರದೆ ಉಸ್ತಾದರು ಬಂದು ಕೂತರು. "ನಾನೂ ಪೈಲ್ವಾನನೇ. ನನ್ನನ್ನೇ ಕೇಳವ್ವ."

ಗುಂಡಿ ಒತ್ತಿದೆ. "ಕುಸ್ತಿ ಬಿಟ್ಟ ಮೇಲೆ ಹೇಗನ್ನಿಸುತ್ತೆ?" ಎಂದು ಕೇಳಿದೆ.

"ಆರಾಮೈತವ್ವ" ಎಂದವರು ನನ್ನ ಕಡೆ ತಿರುಗಿ, "ನೀನ್ಯಾಕ ಮುಖ ಸಣ್ಣ ಮಾಡ್ಕಂಡೀಯ?" ಅಂದರು.

ಅಷ್ಟೇ ಅವರು ಕೇಳಿದ್ದು. ನಮ್ಮಪ್ಪ ನೆಂಟರಿಗೆಲ್ಲ ಮಗಳು ಬಿ.ಎಡ್. ಓದುತ್ತಾಳೆ ಎಂದು ಹೇಳಿಕೊಂಡು ಬಂದಿದ್ದರು. ಹಿಂದಿನ ದಿನ ಮನೆಗೆ ಬಂದ ಬೀಗರೊಬ್ಬರು ನನ್ನನ್ನೇ "ಯಾವ ಶಾಲೆಗೆ ಹಾಕ್ಯಾರವ್ವ ಪಾಠ ಮಾಡಾಕೆ?" ಎಂದು ಕೇಳಿದಾಗ ಅಪ್ಪ ನೆಲ ನೋಡಿದ್ದರು. ನನ್ನ ಓದು ಅಪ್ಪನಿಗೆ ನಾಚಿಕೆಯೇನೋ ಎಂದು ರಾತ್ರಿಯೆಲ್ಲ ಸಂಕಟಪಟ್ಟಿದ್ದೆ. ಅದನ್ನೆಲ್ಲ ಹೇಳುತ್ತಾ ಅತ್ತುಬಿಟ್ಟೆ. ಉಸ್ತಾದರು ನಡುನಡುವೆ "ಹೂಂ", "ಆಮ್ಯಾಲೆ?" ಅಂದರು. ಕೊನೆಗೆ, "ಅಪ್ಪಾರನ್ನ ಕೇಳಿದೇನವ್ವ?" ಅಂದರು. ಇಲ್ಲ ಅಂದೆ. ಟಕ್ ಎಂದು ಟೇಪು ಮುಗಿಯಿತು.

ಸಂಜೆ ಅಪ್ಪನನ್ನು ಕೇಳಿಯೇಬಿಟ್ಟೆ. "ನಾಚಿಕೆ ಯಾಕವ್ವ? ಬಿ.ಎಡ್. ಅಂದ್ರೆ ಒಂದೇ ಮಾತಿಗೆ ಮುಗೀತೈತೆ. ನಿಂದು ಏನಂತ ಹೇಳ್ಲಿ? ನನಗೇ ತಿಳಿದಿಲ್ಲ" ಅಂದರು. ನನಗೆ ನಗುವೂ ಬಂತು, ಅಳುವೂ ಬಂತು. ಎರಡು ವರ್ಷ ಊರಿನ ಮಾತೆಲ್ಲ ಕೇಳಿಸಿಕೊಂಡವಳು ಮನೆಯಲ್ಲಿ ಒಂದು ಮಾತು ಬಿಡಿಸಿ ಹೇಳಿರಲಿಲ್ಲ.

ಬೇರೆ ದಾರಿಯಿಲ್ಲದೆ ಅದೇ ಕ್ಯಾಸೆಟ್ ಒಪ್ಪಿಸಿದೆ. ಮೇಡಂ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಬಹಳ ಚೆನ್ನಾಗಿದೆ. ಅವಸರ ಇಲ್ಲ, ಬುದ್ಧಿವಾದ ಇಲ್ಲ, ನಡುವೆ ಬಾಯಿ ಹಾಕಿಲ್ಲ. ಇಷ್ಟು ಒಳ್ಳೇ ಸಮಾಲೋಚನೆ ನಾನು ಈ ವರ್ಷ ಕೇಳಿಲ್ಲ" ಅಂದರು. ನನಗೆ ಜೀವ ಬಂತು. "ಆದ್ರೆ ಒಂದು ತೊಂದರೆ ಐತಮ್ಮ. ಇದನ್ನು ಮಾಡಿದೋರು ನಮ್ಮಲ್ಲಿ ಅಡ್ಮಿಷನ್ ಮಾಡಿಸಿಲ್ಲ."

ಅವರು ಕಟುಕರಲ್ಲ. ನನ್ನನ್ನೇ ಕೇಸು ಮಾಡಿಕೊಂಡು, ಎಲ್ಲಿ ಎಡವಿದೆ ಎಂದು ಮುಚ್ಚುಮರೆಯಿಲ್ಲದೆ ವರದಿ ಬರೆ, ಉಳಿದದ್ದು ಮೌಖಿಕ ಪರೀಕ್ಷೆಯಲ್ಲಿ ನೋಡೋಣ ಅಂದರು. ನಿಯಮದಂತೆ ಹೆಸರು ಬರೆಯದೆ, 'ಸಮಾಲೋಚನೆಗೆ ಬಂದವರು: ಇಪ್ಪತ್ತಮೂರರ ಯುವತಿ' ಎಂದು ಬರೆದೆ.

ಹೊರಗಿನಿಂದ ಬಂದ ಪರೀಕ್ಷಕರು ನನ್ನ ವರದಿಯನ್ನು ಓದುತ್ತಾ ಓದುತ್ತಾ ಮರುಗಿದರು. "ಪಾಪ, ಈ ಹುಡುಗಿಗೆ ಓದಿನದೇ ಚಿಂತೆ. ಒಂದು ವರ್ಷ ಹೋದರೆ ಮನೆಯಲ್ಲಿ ಸಹಿಸಲ್ಲ ಅಂತೀರಿ. ಈಕೆ ಸುಧಾರಿಸೋ ಲಕ್ಷಣ ಇದೆಯೇನಮ್ಮ?"

ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ನಾನು ಕೈಕಟ್ಟಿಕೊಂಡು ಹೇಳಿದೆ:

"ಅದು ಈಗ ನಿಮ್ಮ ಕೈಯಲ್ಲೇ ಇದೆ ಸರ್."