ಫೇಡರ್ ಪೆಟ್ಟಿಗೆ ಮತ್ತು ಗಟ್ಟಿಮೇಳ

ವಾದ್ಯಗೋಷ್ಠಿಯವರ ಬಾಳಲ್ಲಿ ಎಡವಟ್ಟಿಗೆ ಬರವಿಲ್ಲ. ನನಗಂತೂ ಅದು ಕಂಪ್ಯೂಟರ್ ಜೊತೆಗೇ ಬಂತು. ಎರಡು ಸಾವಿರದ ಇಸವಿ ದಾಟಿದ ಹೊಸತು, ಅರಸೀಕೆರೆಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಕಂಪ್ಯೂಟರಿನೊಳಗೇ ಸಿಂಥಸೈಜರ್ ಬಂದಿತ್ತು. ಪರದೆಯ ಮೇಲೆ ಬಣ್ಣಬಣ್ಣದ ವೈರು ಎಳೆದು ಸಿಕ್ಕಿಸಿದರೆ ಬೇಕಾದ ಸದ್ದು ಹುಟ್ಟುತ್ತೆ. ಮೌಸಿನಲ್ಲಿ ಪರದಾಡಲಾರದೆ ಒಂದು ಫೇಡರ್ ಪೆಟ್ಟಿಗೆ ತಂದೆ. ಅದರ ಜಾರುಗುಂಡಿಗಳನ್ನು, ಅಂದರೆ ಫೇಡರ್‌ಗಳನ್ನು, ಮೇಲಕ್ಕೆ ತಳ್ಳಿದರೆ ಸದ್ದು ಏರುತ್ತೆ, ಕೆಳಕ್ಕೆ ಎಳೆದರೆ ಇಳಿಯುತ್ತೆ. ಅಷ್ಟೇ ಸಂಗತಿ.

ವೈರಿಂಗ್

ಅಪ್ಪ ಲೈನ್‌ಮನ್ ಆಗಿ ರಿಟೈರ್ ಆದವರು. ಪರದೆ ನೋಡಿ ಹೌಹಾರಿದರು.

"ಯಾವನ್ಲಾ ಹಿಂಗೆ ವೈರಿಂಗ್ ಮಾಡಿದೋನು? ಒಂದಕ್ಕೂ ಕ್ಲಿಪ್ ಹೊಡೆದಿಲ್ವಲ್ಲ."

"ಅಪ್ಪಾ, ಅದು ಬರೀ ಚಿತ್ರ. ಅದ್ರಲ್ಲಿ ಕರೆಂಟಿಲ್ಲ."

"ಎಲ್ಲಾರೂ ಹಂಗೇ ಅಂದ್ಕೊಂಡು ಮುಟ್ಟೋದು."

ಅವತ್ತಿನಿಂದ ಆ ರೂಮಿಗೆ ರಬ್ಬರ್ ಚಪ್ಪಲಿ ಹಾಕ್ಕೊಂಡೇ ಬರುತ್ತಿದ್ದರು.

ಆಯುಧಪೂಜೆ

ನನ್ನಾಕೆ ಪೆಟ್ಟಿಗೆಗೂ ಪೂಜೆ ಮಾಡಿದಳು, ಒಂದು ಗುಂಡಿಯನ್ನೂ ಬಿಡದೆ ಗಂಧ ಮೆತ್ತಿ. ಬೆಳಗ್ಗೆ ನೋಡಿದರೆ ಗಂಧ ಸಂದಿಗಿಳಿದು ಒಣಗಿದೆ, ಯಾವುದೂ ಅಲ್ಲಾಡುತ್ತಿಲ್ಲ. ಕೂಗಾಡಿದೆ.

"ಪೂಜೆಗಿಟ್ಟಿದ್ದನ್ನ ಇಷ್ಟು ಬೇಗ ಮುಟ್ಟಬಾರದು ಕಣ್ರೀ," ಅಂದಳು. "ನಿಮಗೆ ಗೊತ್ತಾಗದಿದ್ರೂ ಅದಕ್ಕೆ ಗೊತ್ತಾಗಿದೆ ನೋಡಿ."

ಗಟ್ಟಿಮೇಳ

ನಮ್ಮ ಗೋಷ್ಠಿಯ ಯಜಮಾನರ ದೊಡ್ಡ ಮಗಳ ಮದುವೆ, ಹಳೇಬೀಡಿನ ಛತ್ರದಲ್ಲಿ. ಸಂಜೆಯ ಆರತಕ್ಷತೆಗೆಂದು ಕಂಪ್ಯೂಟರ್ ಸಮೇತ ಹೋಗಿದ್ದೆ. ಬೆಳಗ್ಗೆಯೇ ಸುದ್ದಿ ಬಂತು: ಓಲಗದವರ ಬಸ್ಸು ಜಾವಗಲ್ ಹತ್ತಿರ ಕೆಟ್ಟು ನಿಂತಿದೆ. ಮುಹೂರ್ತ ಹತ್ತಿರವಾಗಿತ್ತು.

ಯಜಮಾನರು ಬಂದು, "ಗಟ್ಟಿಮೇಳ ನಿನ್ನ ಪೆಟ್ಟಿಗೇಲೇ ಆಗ್ಲಿ. ಎಡವಟ್ಟಾದ್ರೆ ನೀನೂ ಅದೂ ಗೋಷ್ಠಿಯಿಂದ ಆಚೆ," ಅಂದರು. ಅನ್ನದ ಪ್ರಶ್ನೆ, ನಿಜಕ್ಕೂ ಹೆದರಿದೆ. ಡೋಲಿನ ಸದ್ದನ್ನು ಒಂದು ಫೇಡರಿಗೆ, ನಾಗಸ್ವರದ್ದನ್ನು ಇನ್ನೊಂದಕ್ಕೆ ಜೋಡಿಸಿಕೊಂಡು ಕೂತೆ.

ಪುರೋಹಿತರು ಬೆರಳೆತ್ತಿ ಆಡಿಸುತ್ತ "ಗಟ್ಟಿಮೇಳ, ಗಟ್ಟಿಮೇಳ" ಅಂದರು. ಎರಡನ್ನೂ ಮೇಲಕ್ಕೆ ತಳ್ಳಿದೆ. ಸದ್ದು ಅಂದ್ರೆ ಸದ್ದು. ಮೂರು ಗಂಟು ಆಯಿತೆನ್ನಿಸಿ ಕೆಳಕ್ಕೆ ಎಳೆದೆ. ಇಳಿಯಲೇ ಇಲ್ಲ. ಅಕ್ಷತೆ ಹಾಕಲು ನುಗ್ಗಿದ ಜನ ಪೆಟ್ಟಿಗೆಯ ಕೇಬಲ್ಲನ್ನು ತುಳಿದು ಕಿತ್ತಿದ್ದರು. ಸದ್ದು ಹೊರಡೋದು ಕಂಪ್ಯೂಟರಿನಿಂದ, ಪೆಟ್ಟಿಗೆಯ ಮಾತು ಅದಕ್ಕೆ ಮುಟ್ಟುತ್ತಲೇ ಇರಲಿಲ್ಲ. ಮೇಳ ನಿಲ್ಲದೆ ಜನ ಕೈ ನಿಲ್ಲಿಸಿಯಾರೇ? ಅಕ್ಷತೆ ಬೀಳುತ್ತಲೇ ಇತ್ತು. ನಾನು ಬೆಂಚಿನಡಿ ತೆವಳಿ, ಕೇಬಲ್ ಹುಡುಕಿ ಸಿಕ್ಕಿಸಿ, ಎರಡೂ ಫೇಡರ್‌ಗಳನ್ನು ಮತ್ತೊಮ್ಮೆ ತಳ್ಳಿ ಎಳೆದೆ.

ಒಮ್ಮೆಗೇ ಛತ್ರ ನಿಶ್ಶಬ್ದವಾಯಿತು. ಮದುಮಗಳ ಧ್ವನಿ ಎಲ್ಲರಿಗೂ ಕೇಳಿಸಿತು: "ಸಾಕು ಬಿಡ್ರೀ, ಎಷ್ಟು ಗಂಟು ಹಾಕ್ತೀರಿ, ನಾನೆಲ್ಲೂ ಓಡಿಹೋಗಲ್ಲ."

ಮೇಳ ನಿಲ್ಲೋವರೆಗೂ ಹಾಕಬೇಕೇನೋ ಅಂತ ಪಾಪ ವರ ಗಂಟಿನ ಮೇಲೆ ಗಂಟು ಹಾಕುತ್ತಲೇ ಇದ್ದ. ಕೆಲಸ ಹೋಯಿತು ಅಂತ ನಾನು ಪೆಟ್ಟಿಗೆ ಕಟ್ಟತೊಡಗಿದೆ. ಯಜಮಾನರು ಕಣ್ಣೊರೆಸಿಕೊಳ್ಳುತ್ತ ಬಂದರು. ನೋಡಿದರೆ ನಕ್ಕೂ ನಕ್ಕೂ ಬಂದ ನೀರು.

"ಬಿಚ್ಚೋ ಅದನ್ನ," ಅಂದರು. "ಚಿಕ್ಕ ಮಗಳಿಗೂ ತಾಳಿ ಇಷ್ಟೇ ಭದ್ರವಾಗಿ ಕಟ್ಟಿಸಬೇಕು."